ಸನ್ ಯಾಟ್ ಸೆನ್ ಅವರ ಮನೆಯೂ ಹುಣಸೆಯ ಮರವೂ



ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ಒಡೆಯುವುದಕ್ಕೆ ಒಂದು ಗಳಿಗೆ ಸಾಕು. ಮಾಡುವುದಕ್ಕೆ ಬಹುಕಾಲದ ದುಡಿಮೆಯೂ ತಾಳ್ಮೆಯೂ ಬೇಕು. ಚೀನಾ ದೇಶದಲ್ಲಿ ಅರಸರ ಆಳಿಕೆಯನ್ನು ಕೊನೆಗಾಣಿಸಿ ಪ್ರಜಾರಾಜ್ಯಕ್ಕೆ ತಳಹದಿಯನ್ನು ಹಾಕಿದ ಸನ್ ಯಾಟ್ ಸೆನ್ ಎಂಬವರ ಜೀವಿತದಿಂದ ಈ ಗಾದೆಯ ಅರ್ಥವು ಚೆನ್ನಾಗಿ ತಿಳಿದುಬರುತ್ತದೆ. ಅವರು ನಮ್ಮ ಹಾಗೆಯೇ ಹಳ್ಳಿಯವರು. ಬಡ ಒಕ್ಕಲಿನ ಮನೆಯಲ್ಲಿ ಹುಟ್ಟಿದವರು. ಯೌವನದಲ್ಲಿ ಕ್ರೈಸ್ತಮತವನ್ನು ಅವಲಂಬಿಸಿ ಅದಕ್ಕಾಗಿ ನಷ್ಟವನ್ನು ಅನುಭವಿಸಿದವರು. ಆದದರಿಂದ ಅವರ ಚರಿತ್ರೆಯನ್ನು, ಅವರು ವಾಸಿಸಿದ ಮನೆಗಳ ಮೂಲಕವಾಗಿ, ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಚೀನಾ ದೇಶದ ತೆಂಕಣ ಕಡಲ ತೀರದಲ್ಲಿ ಕ್ವಾಂಗ್‌ತುಂಗ್ ಎಂಬ ಪ್ರಾಂತವಿದೆ. ಆ ಪ್ರಾಂತಕ್ಕೂ ಕನ್ನಡ ನಾಡಿನ ಸಭೆಗಳಿಗೂ ಒಂದು ಸಂಬಂಧವುಂಟು. ಹೇಗೆಂದರೆ, 1834ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಬಾಸೆಲ್ ಮಿಶನ್ ಸಂಘವೇ 1847ರಲ್ಲಿ ಹಾಂಗ್‌ಕಾಂಗಿಗೂ ಬೋಧಕರನ್ನು ಕಳುಹಿಸಿ ಆ ಪ್ರಾಂತದ ಹಕ್ಕಾ ಜನರೊಳಗೆ ಕೆಲಸವನ್ನು ಆರಂಭಿಸಿತು. ಅದೇ ಪ್ರಾಂತದಲ್ಲಿ, ಪೋರ್ತುಗೀಸರು ಬಹುಕಾಲ ಆಳಿದ ಮಕಾವು ಪಟ್ಟಣಕ್ಕೆ ಬಡಗಲಾಗಿ ಚುಯಿಹೆಂಗ್ ಎಂಬ ಹಳ್ಳಿಯಿದೆ. ಅಲ್ಲಿ ಇಟ್ಟಿಗೆಯಿಂದ ಕಟ್ಟಿದ ಎರಡು ಅಂತಸ್ತಿನ ಮನೆಯೊಂದುಂಟು. ಅದರ ಮುಂಭಾಗದಲ್ಲಿ ಕೆಳಗೆ ಏಳು, ಮೇಲೆ ಏಳು ಕಮಾನುಗಳಿವೆ. ಹೊರಗಿನಿಂದ ನೋಡಿದರೆ ಯೂರೋಪ್ಯರ ಬಂಗಲೆಯಂತೆ ಕಾಣುತ್ತದೆ. ಒಳಗೆ ಹೋದರೆ ನಡುಮನೆಯೂ ಕೋಣೆಗಳೂ ಚೀನೀಯರ ಪದ್ಧತಿಯವೇ. ಊರಿನ ಹಳೆಯ ಮನೆಗಳು ಮೂಡಲಿಗೆ ಮುಖಮಾಡಿದ್ದರೆ ಇದು ಪಡುವಲಿಗೆ ಮುಖಮಾಡಿದೆ. ಅಂಗಳದಲ್ಲಿ ಒಂದು ಬಾವಿಯೂ ಒಂದು ಹುಣಸೆಯ ಮರವೂ ಇವೆ. 1956ರಲ್ಲಿ ಈ ಮನೆಯು ವಸ್ತುಸಂಗ್ರಹಾಲಯವಾಯಿತು. ಇದನ್ನು ನೋಡುವುದಕ್ಕೆ ದೂರ ದೂರದಿಂದ ಜನರು ಬರುತ್ತಾರೆ.

ಈ ಸ್ಥಳದಲ್ಲಿ ಮೊದಲು ಒಂದು ಚಿಕ್ಕ ಹಳೆಯ ಮನೆಯಿತ್ತು. ಅದು ಈಗ ಇಲ್ಲ. ಅದಿದ್ದ ಜಾಗವನ್ನು ಮಾತ್ರ ತೋರಿಸುತ್ತಾರೆ. ಸನ್ ಯಾಟ್ ಸೆನ್ ಅವರು 1866ನೆಯ ನವೆಂಬರ್ 12ರಂದು ಹುಟ್ಟಿದ್ದು ಆ ಚಿಕ್ಕ ಮನೆಯಲ್ಲಿ. ತಂದೆಯು ಎಳೆಯ ಪ್ರಾಯದಲ್ಲಿ ಮಕಾವಿನಲ್ಲಿ ದುಡಿದು, ಊರಿಗೆ ಹಿಂದಿರುಗಿ ಸ್ವಲ್ಪ ಭೂಮಿಯನ್ನು ಉಳುತ್ತಾ, ರಾತ್ರಿಯಲ್ಲಿ ಊರ ಕಾವಲನ್ನೂ ಕಾಯುತ್ತಾ ಸಂಸಾರವನ್ನು ನಡಿಸುತ್ತಿದ್ದನು. ಅಕ್ಕಿಯ ಅನ್ನವು ಆ ಮನೆಗೆ ದುರ್ಲಭವಾಗಿತ್ತು, ಗೆಣಸೇ ಆಹಾರ. ಹುಡುಗನು ಹೊಲದಲ್ಲಿ ಕೆಲಸಮಾಡುತ್ತಾ ಊರ ಶಾಲೆಯಲ್ಲಿ ಓದುಬರಹವನ್ನು ಕಲಿತನು. ಆ ಕಾಲದ ಚೀನೀಯರು ಹೆಣ್ಣುಮಕ್ಕಳ ಪಾದಗಳನ್ನು ಎಳೆತನದಲ್ಲಿಯೇ ಬಟ್ಟೆಯಿಂದ ಬಿಗಿದುಕಟ್ಟಿ ಬೆಳೆಯಗೊಡದೆ ಮಾಡುತ್ತಿದ್ದರು. ತನ್ನ ಅಕ್ಕನು ಆ ನೋವಿನಿಂದ ನರಳುವುದನ್ನು ಕಂಡು ಹುಡುಗನು ತಾಯಿಯೊಡನೆ ವಾದಿಸಿದನು; ಆದರೆ ಪದ್ಧತಿಯನ್ನು ಮೀರುವ ಧೈರ್ಯವು ತಾಯಿಗೆ ಬರಲಿಲ್ಲ.

ಹಿರಿಯ ಅಣ್ಣನಾದ ಸುನ್ ಮೇಯಿ ಎಂಬಾತನು ಹೊಟ್ಟೆಪಾಡಿಗಾಗಿ ಶಾಂತಸಾಗರದ ಹವಾಯಿ ದ್ವೀಪಗಳಿಗೆ ಹೋಗಿ, ದುಡಿದು, ಕಾಲಕ್ರಮದಲ್ಲಿ ಹೊಲಗಳನ್ನೂ ದನದ ಮಂದೆಗಳನ್ನೂ ಸಂಪಾದಿಸಿಕೊಂಡಿದ್ದನು. 1879ರಲ್ಲಿ ತಮ್ಮನೂ ಅಲ್ಲಿಗೆ ಹೋಗಿ, ಹೊನೊಲುಲು ಪಟ್ಟಣದಲ್ಲಿ ಆಂಗ್ಲಿಕನ್ ಸಭೆಯವರು ನಡಿಸುತ್ತಿದ್ದ ಇಯೊಲಾನಿ ಶಾಲೆಯನ್ನು ಸೇರಿದನು. ಇಂಗ್ಲಿಷಿನ ಒಂದು ಅಕ್ಷರವನ್ನೂ ಅರಿಯದೆ ಹೋದ ಹುಡುಗನು ಮೂರು ವರುಷಗಳೊಳಗೆ ಆ ಭಾಷೆಯ ವ್ಯಾಕರಣದಲ್ಲಿ ಬಹುಮಾನವನ್ನು ಪಡೆದನು. ಹವಾಯಿಯ ಅರಸನಾದ ಕಲಾಕೌವನೇ ಆ ಬಹುಮಾನವನ್ನು ಕೊಟ್ಟನು. ಅಲ್ಲಿ ದಿನಾಲು ಸತ್ಯವೇದವನ್ನು ಕೇಳುತ್ತಾ ಹುಡುಗನ ಮನಸ್ಸು ಕ್ರೈಸ್ತಮತದ ಕಡೆಗೆ ತಿರುಗಿತು. ಇದನ್ನು ತಿಳಿದ ಅಣ್ಣನು ಹಿರಿಯರ ಧರ್ಮವನ್ನು ತಮ್ಮನು ಬಿಟ್ಟಾನೆಂದು ಹೆದರಿ, 1883ರಲ್ಲಿ ಅವನನ್ನು ಊರಿಗೆ ಕಳುಹಿಸಿಬಿಟ್ಟನು.

ಆ 1883ನೆಯ ವರುಷವನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಆ ಒಂದೇ ವರುಷದಲ್ಲಿ ಹದಿನೇಳು ವಯಸ್ಸಿನ ಈ ಹುಡುಗನು ಎರಡು ಕೆಲಸಗಳನ್ನು ಮಾಡಿದನು. ಒಂದು ಊರೆಲ್ಲಾ ಕೇಳುವಂಥದ್ದು. ಇನ್ನೊಂದು ಯಾರೂ ಲಕ್ಷ್ಯಮಾಡದಂಥದ್ದು.

ಮೊದಲನೆಯದು ಇದು: ಲು ಹಾವೊತುಂಗ್ ಎಂಬ ಬಾಲ್ಯದ ಗೆಳೆಯನೊಡನೆ ಊರ ದೇವಸ್ಥಾನಕ್ಕೆ ಹೋಗಿ, ಈ ವಿಗ್ರಹಕ್ಕೆ ಶಕ್ತಿಯಿಲ್ಲವೆಂದು ತೋರಿಸುವುದಕ್ಕಾಗಿ ಊರವರೆಲ್ಲರೂ ಭಯಭಕ್ತಿಯಿಂದ ಪೂಜಿಸುತ್ತಿದ್ದ ಮೂರ್ತಿಯನ್ನು ಭಗ್ನಮಾಡಿದನು. ಊರವರು ಸಿಟ್ಟಿನಿಂದ ತಂದೆಯ ಮನೆಬಾಗಿಲಿಗೆ ಬಂದರು. ಬಡವನಾದ ತಂದೆಯು ತಲೆತಗ್ಗಿಸಿ, ಮೂರ್ತಿಯನ್ನು ಸರಿಪಡಿಸುವ ವೆಚ್ಚವನ್ನು ತಾನೇ ಹೊರಬೇಕಾಯಿತು. ಮಗನು ಊರನ್ನು ಬಿಟ್ಟು ಹಾಂಗ್‌ಕಾಂಗಿಗೆ ಹೋಗಬೇಕಾಯಿತು. ಎರಡನೆಯದು ಇದು: ಹವಾಯಿಯಿಂದ ತಂದಿದ್ದ ಹುಣಸೆಯ ಬೀಜವನ್ನು ಮನೆಯ ಅಂಗಳದಲ್ಲಿ ನೆಟ್ಟನು. ಮುರಿದ ಕೈಯೂ ನೆಟ್ಟ ಕೈಯೂ ಒಂದೇ. ಮುರಿದ ವಿಗ್ರಹವನ್ನು ಊರವರು ಸರಿಮಾಡಿಸಿ ಪೂಜೆಯನ್ನು ಮುಂದರಿಸಿದರು. ನೆಟ್ಟ ಬೀಜವೋ ಮೊಳೆತು, ಗಿಡವಾಗಿ, ಮರವಾಯಿತು.

ಹಾಂಗ್‌ಕಾಂಗಿನಲ್ಲಿ ಅವನು ಮಿಶನರಿಗಳ ಸಹವಾಸದಲ್ಲಿದ್ದು 1884ರಲ್ಲಿ ಅಮೇರಿಕದ ಕಾಂಗ್ರಿಗೇಷನಲ್ ಮಿಶನಿನ ಚಾರ್ಲ್ಸ್ ಹೇಗರ್ ಪಾದ್ರಿಗಳಿಂದ ದೀಕ್ಷಾಸ್ನಾನವನ್ನು ಹೊಂದಿದನು. ಆಗ ಅವನಿಗೆ ದಿನೇ ದಿನೇ ಹೊಸಬನಾಗುವವನು ಎಂಬ ಅರ್ಥವುಳ್ಳ ಹೆಸರು ಇಡಲ್ಪಟ್ಟಿತು. ಔ ಎಂಬ ಚೀನೀ ಬೋಧಕರು ಮುಂದೆ ಅದನ್ನು ಸ್ವಲ್ಪ ಮಾರ್ಪಡಿಸಿ ಯಾಟ್ ಸೆನ್ ಎಂದು ಕರೆದರು. ಆ ಹೆಸರಿನಿಂದಲೇ ಲೋಕವು ಅವರನ್ನು ಬಲ್ಲದು. ಸುದ್ದಿಯು ಹವಾಯಿಗೆ ಮುಟ್ಟಿದಾಗ ಅಣ್ಣನು ಅತಿಯಾಗಿ ಕೋಪಗೊಂಡು, ಹಿಂದೆ ತಮ್ಮನ ಹೆಸರಿಗೆ ಬರೆದಿದ್ದ ಆಸ್ತಿಯನ್ನು ಹಿಂದಕ್ಕೆ ಕೊಡಬೇಕೆಂದು ಅವನನ್ನು ಅಲ್ಲಿಗೆ ಕರಸಿದನು. ತಮ್ಮನು ಮರುಮಾತಿಲ್ಲದೆ ಕಾಗದಕ್ಕೆ ರುಜುಮಾಡಿಕೊಟ್ಟನು. ಹಿಂದಿರುಗುವುದಕ್ಕೆ ಕೈಯಲ್ಲಿ ಕಾಸಿಲ್ಲದಿದ್ದಾಗ ಅಲ್ಲಿಯ ಕ್ರೈಸ್ತ ಗೆಳೆಯರು ಹಣವನ್ನು ಕೂಡಿಸಿ ಕೊಟ್ಟರು.

ಹೊಸ ನಂಬಿಕೆಯನ್ನು ಹಿಡಿದದ್ದಕ್ಕಾಗಿ ಮನೆಯ ಪಾಲನ್ನು ಕಳಕೊಂಡವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅವರಿಗೆ ಈ ಸಂಗತಿಯು ಸುಲಭವಾಗಿ ತಿಳಿಯುವುದು. ಆದರೆ ಇಲ್ಲಿ ಎರಡನ್ನು ಬೇರೆ ಬೇರೆಯಾಗಿ ನೋಡಬೇಕು. ಆಸ್ತಿಯನ್ನು ಬಿಟ್ಟುಕೊಟ್ಟಾಗ ನಷ್ಟವು ಅವರದೇ ಆಗಿತ್ತು. ವಿಗ್ರಹವನ್ನು ಮುರಿದಾಗ ಅದರ ಬೆಲೆಯನ್ನು ತೆತ್ತವನು ವೃದ್ಧನಾದ ತಂದೆ. ಊರವರಲ್ಲಿ ಒಬ್ಬನ ಮನಸ್ಸಾದರೂ ಅದರಿಂದ ತಿರುಗಲಿಲ್ಲ.

ಆಮೇಲೆ ಸನ್ ಯಾಟ್ ಸೆನ್ ಅವರು ವೈದ್ಯವಿದ್ಯೆಯನ್ನು ಕಲಿಯಲಾರಂಭಿಸಿದರು. ಲಂಡನ್ ಮಿಶನಿನ ಸಂಬಂಧದಲ್ಲಿ ನಡೆಯುತ್ತಿದ್ದ ಹಾಂಗ್‌ಕಾಂಗಿನ ಆಲಿಸ್ ಆಸ್ಪತ್ರೆಯೊಡನೆ 1887ರಲ್ಲಿ ಚೀನೀಯರಿಗಾಗಿ ಒಂದು ವೈದ್ಯಕಾಲೇಜು ಸ್ಥಾಪಿತವಾಗಿತ್ತು. ಅಲ್ಲಿ ಐದು ವರುಷ ಕಲಿತು, 1892ರಲ್ಲಿ ತೇರ್ಗಡೆಯಾದ ಮೊದಲ ಇಬ್ಬರಲ್ಲಿ ಒಬ್ಬರಾದರು. ಅವರ ಗುರುಗಳಾದ ಜೇಮ್ಸ್ ಕ್ಯಾಂಟ್ಲಿ ಎಂಬ ಡಾಕ್ಟರರು ಶಿಷ್ಯನನ್ನು ಮಗನಂತೆ ಪ್ರೀತಿಸಿದರು. ಇಷ್ಟರೊಳಗೆ, 1888ರಲ್ಲಿ, ತಂದೆಯು ತೀರಿಕೊಂಡಿದ್ದನು. ಅಣ್ಣತಮ್ಮಂದಿರಿಗೆ ಪುನಃ ಸಮಾಧಾನವಾಗಿತ್ತು. 1892ರಲ್ಲಿ ಅಣ್ಣನು ಹವಾಯಿಯಿಂದ ಹಣವನ್ನು ಕಳುಹಿಸಿದನು. ತಮ್ಮನು ತಾನೇ ನಕ್ಷೆಯನ್ನು ಬರೆದು, ತನ್ನನ್ನು ಹೊರಡಿಸಿದ ಆ ಹಳ್ಳಿಯಲ್ಲಿಯೇ, ಹುಣಸೆಯ ಸಸಿಯಿದ್ದ ಆ ನೆಲದಲ್ಲಿಯೇ, ತಾಯಿಗೂ ಹೆಂಡತಿಗೂ ಮನೆಯನ್ನು ಕಟ್ಟಿಸಿದನು. ನಾವು ಮೊದಲು ವರ್ಣಿಸಿದ ಕಮಾನುಗಳ ಮನೆಯು ಇದೇ. ಮುನಿಸಿಕೊಂಡಿದ್ದ ಅಣ್ಣನ ಹಣವೂ ಹೊರಹಾಕಲ್ಪಟ್ಟಿದ್ದ ತಮ್ಮನ ಬುದ್ಧಿಯೂ ಅದರಲ್ಲಿ ಕೂಡಿಕೊಂಡವು.

ಆದರೆ ಆ ಮನೆಯಲ್ಲಿ ಅವರು ಹೆಚ್ಚು ಕಾಲ ವಾಸಿಸಲಿಲ್ಲ. ಮಕಾವಿನಲ್ಲಿಯೂ ಕ್ಯಾಂಟನಿನಲ್ಲಿಯೂ ವೈದ್ಯರಾಗಿದ್ದಾಗ, ದೇಹದ ರೋಗಕ್ಕಿಂತ ದೇಶದ ರೋಗವೇ ಹೆಚ್ಚಿನದೆಂದು ಅವರಿಗೆ ತೋರಿತು. ಮಂಚೂ ವಂಶದ ಅರಸರ ಅಧಿಕಾರಿಗಳು ಲಂಚಕೋರರಾಗಿದ್ದರು. ಪರದೇಶಗಳವರು ರಾಜ್ಯವನ್ನು ಕಚ್ಚಿ ಕಚ್ಚಿ ತಿನ್ನುತ್ತಿದ್ದರು. 1894ರಲ್ಲಿ ಒಬ್ಬ ದೊಡ್ಡ ಮಂತ್ರಿಗೆ ಸುಧಾರಣೆಗಳ ವಿಷಯವಾಗಿ ದೀರ್ಘವಾದ ಅರ್ಜಿಯನ್ನು ಬರೆದರು. ಅದಕ್ಕೆ ಫಲವು ದೊರೆಯಲಿಲ್ಲ. ಅದೇ ವರುಷ ಹೊನೊಲುಲುವಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿ, 1895ರಲ್ಲಿ ಕ್ಯಾಂಟನಿನಲ್ಲಿ ದಂಗೆಯೇಳುವ ಪ್ರಯತ್ನವನ್ನು ಮಾಡಿದರು. ಗುಟ್ಟು ಬಯಲಾಯಿತು. ದೇವಸ್ಥಾನದಲ್ಲಿ ಜೊತೆಗಿದ್ದ ಗೆಳೆಯನಾದ ಲು ಹಾವೊತುಂಗನು ಸಿಕ್ಕಿಬಿದ್ದು ಮರಣದಂಡನೆಯನ್ನು ಹೊಂದಿದನು. ತಾಯಿಯೂ ಹೆಂಡತಿಯೂ ಮಕ್ಕಳೂ ಹೊಸ ಮನೆಯನ್ನು ಬಿಟ್ಟು ಹವಾಯಿಗೆ ಓಡಿಹೋಗಬೇಕಾಯಿತು. ಕಟ್ಟಿಸಿದ ಮೂರೇ ವರುಷಗಳಲ್ಲಿ ಮನೆಯು ಬರಿದಾಯಿತು.

ಮರುವರುಷ ಅಕ್ಟೋಬರಿನಲ್ಲಿ ಅವರು ಲಂಡನಿನಲ್ಲಿದ್ದಾಗ ಚೀನಾ ಸರಕಾರದ ರಾಯಭಾರಿಯ ಕಛೇರಿಯವರು ಅವರನ್ನು ಮೋಸದಿಂದ ಒಳಗೆ ಕರಕೊಂಡು ಹೋಗಿ ಕೋಣೆಯೊಂದರಲ್ಲಿ ಕೂಡಿಹಾಕಿದರು. ಹಡಗಿನಲ್ಲಿ ಗುಟ್ಟಾಗಿ ಊರಿಗೆ ಸಾಗಿಸಿ ಕೊಲ್ಲಿಸುವುದು ಅವರ ಉದ್ದೇಶವಾಗಿತ್ತು. ಹನ್ನೆರಡು ದಿವಸ ಅವರು ಆ ಕೋಣೆಯಲ್ಲಿದ್ದರು. ನಿರಾಶೆಯಿಂದ ಬುದ್ಧಿಭ್ರಮಣೆಯಾಗುವಂತಿದ್ದ ಆ ದಿನಗಳಲ್ಲಿ ಪ್ರಾರ್ಥನೆಯೊಂದೇ ತಮ್ಮನ್ನು ಕಾಪಾಡಿತೆಂದು ಅವರು ತರುವಾಯ ಬರೆದರು. ಕೋಣೆಯ ಕೆಲಸಕ್ಕೆ ಬರುತ್ತಿದ್ದ ಇಂಗ್ಲಿಷ್ ಆಳೊಬ್ಬನು ಮನಕರಗಿ ಅವರ ಚೀಟಿಯನ್ನು ಡಾಕ್ಟರ್ ಕ್ಯಾಂಟ್ಲಿಯವರಿಗೆ ಮುಟ್ಟಿಸಿದನು. ಅವರು ಹಗಲಿರುಳು ಅಲೆದು, ಅಧಿಕಾರಿಗಳಿಗೂ ಪತ್ರಿಕೆಗಳಿಗೂ ತಿಳಿಸಿ, ಬ್ರಿಟಿಷ್ ಸರಕಾರದ ಮೂಲಕ ಶಿಷ್ಯನನ್ನು ಬಿಡಿಸಿದರು. ಒಬ್ಬ ಆಳಿನ ದಯೆಯೂ ಒಬ್ಬ ಗುರುವಿನ ಪ್ರೀತಿಯೂ ಇಲ್ಲದಿದ್ದರೆ ಅವರ ಚರಿತ್ರೆಯು 1896ರಲ್ಲಿಯೇ ಮುಗಿಯುತ್ತಿತ್ತು.

ಮುಂದಿನ ಹದಿನೈದು ವರುಷ ಅವರಿಗೆ ಸ್ವದೇಶದಲ್ಲಿ ನಿಲ್ಲುವುದಕ್ಕೆ ಸ್ಥಳವಿರಲಿಲ್ಲ. ಜಪಾನು, ಮಲಯ, ಅಮೇರಿಕ, ಯೂರೋಪು ಎಂದು ಸಂಚರಿಸುತ್ತಾ, ಪರದೇಶಗಳಲ್ಲಿ ದುಡಿಯುತ್ತಿದ್ದ ಚೀನೀ ಕೂಲಿಗಳಿಂದಲೂ ಅಂಗಡಿಯವರಿಂದಲೂ ಅಗಸರಿಂದಲೂ ಸಹಾಯವನ್ನು ಬೇಡುತ್ತಿದ್ದರು. 1905ರಲ್ಲಿ ಟೋಕಿಯೋ ಪಟ್ಟಣದಲ್ಲಿ ಬೇರೆ ಬೇರೆ ಸಂಘಗಳು ಅವರ ಮುಂದಾಳುತನದಲ್ಲಿ ಒಂದಾದವು. ಅಣ್ಣನಾದ ಸುನ್ ಮೇಯಿಯು ತನ್ನ ಹೊಲವನ್ನೂ ಮಂದೆಯನ್ನೂ ಈ ಕಾರ್ಯಕ್ಕೆ ಸುರಿದು ದಿವಾಳಿಯಾದನು. ಕ್ರೈಸ್ತನಾದನೆಂದು ತಮ್ಮನ ಪಾಲನ್ನು ಕಸುಕೊಂಡವನೇ ತಮ್ಮನಿಗಾಗಿ ತನ್ನದೆಲ್ಲವನ್ನೂ ಕಳಕೊಂಡನು. ದಂಗೆಗಳು ಒಂದರಮೇಲೊಂದು ಎದ್ದು ಮುರಿದುಬಿದ್ದವು. ಹತ್ತು ಸಾರಿ ಸೋತರೆಂದು ಎಣಿಸುವುದುಂಟು.

ಕೊನೆಗೆ 1911ನೆಯ ಅಕ್ಟೋಬರ್ 10ರಂದು ವೂಛಾಂಗ್ ಪಟ್ಟಣದಲ್ಲಿ ಸೈನಿಕರು ತಿರುಗಿಬಿದ್ದರು. ಪ್ರಾಂತಗಳು ಒಂದರ ಹಿಂದೊಂದಾಗಿ ಮಂಚೂ ಅರಸರನ್ನು ಬಿಟ್ಟವು. ಸನ್ ಯಾಟ್ ಸೆನ್ ಅವರು ಆಗ ಅಮೇರಿಕದಲ್ಲಿದ್ದು ಈ ಸಮಾಚಾರವನ್ನು ಪತ್ರಿಕೆಯಲ್ಲಿ ಓದಿ ತಿಳಿದರು. 1912ನೆಯ ಜನವರಿ 1ರಂದು ನಾನ್‌ಕಿಂಗ್ ಪಟ್ಟಣದಲ್ಲಿ ಪ್ರಜಾರಾಜ್ಯದ ತಾತ್ಕಾಲಿಕ ಅಧ್ಯಕ್ಷರಾಗಿ ಪ್ರಮಾಣಮಾಡಿದರು. ಅವರ ಅಧಿಕಾರವು ಮೂರು ತಿಂಗಳಷ್ಟೇ ಇತ್ತು. ಆ ಮೂರು ತಿಂಗಳೊಳಗೆ ಹೆಣ್ಣುಮಕ್ಕಳ ಪಾದಗಳನ್ನು ಕಟ್ಟಬಾರದೆಂದು ಆಜ್ಞೆಯಾಯಿತು. ಅಕ್ಕನಿಗಾಗಿ ಹುಡುಗನು ಮಾಡಿದ ವಾದವು ಹೀಗೆ ದೇಶದ ಕಟ್ಟಳೆಯಾಯಿತು. ಮನುಷ್ಯರನ್ನು ಮಾರುವುದೂ ಕೊಳ್ಳುವುದೂ ನಿಷೇಧಿಸಲ್ಪಟ್ಟಿತು. ಆ ದೇಶದಲ್ಲಿ ತಲೆತಲಾಂತರದಿಂದ ಹೀನರೆಂದು ದೂರವಿಡಲ್ಪಟ್ಟ ಜನರಿದ್ದರು. ಅವರಲ್ಲಿ ಕ್ವಾಂಗ್‌ತುಂಗ್ ತೀರದಲ್ಲಿ ದೋಣಿಗಳಲ್ಲಿಯೇ ಹುಟ್ಟಿ ದೋಣಿಗಳಲ್ಲಿಯೇ ಸಾಯುತ್ತಿದ್ದ ತಾಂಕಾ ಜನರು ಒಂದು ಪಂಗಡ. ಇಂಥವರಿಗೂ ಇತರರಿಗಿರುವ ಎಲ್ಲಾ ಹಕ್ಕುಗಳು ಸಲ್ಲತಕ್ಕವೆಂದು ಆ ವರುಷ ಮಾರ್ಚಿಯಲ್ಲಿ ಪ್ರಕಟಿಸಲಾಯಿತು. ಆಜ್ಞೆಯಿಂದ ಮಾತ್ರ ಜನರ ಮನಸ್ಸು ಬದಲಾಗುವುದಿಲ್ಲ. ಆದರೂ ಆಳುವವನ ಬಾಯಿಂದ ಆ ಮಾತು ಹೊರಟದ್ದು ಸಣ್ಣದಲ್ಲ.

ದೇಶದಲ್ಲಿ ಒಳಯುದ್ಧವು ಬೇಡವೆಂದು ಅವರು, ಮಂಚೂ ಅರಸನು ಪಟ್ಟವನ್ನು ಬಿಟ್ಟ ಮರುದಿನವೇ, ಸೇನಾಧಿಪತಿಯಾದ ಯುವಾನ್ ಶಿಕಾಯಿಗೆ ಅಧ್ಯಕ್ಷತೆಯನ್ನು ಬಿಟ್ಟುಕೊಡಲು ರಾಜೀನಾಮೆಯನ್ನು ಸಲ್ಲಿಸಿದರು. ಮೇ ತಿಂಗಳಲ್ಲಿ ಚುಯಿಹೆಂಗಿಗೆ ಬಂದು ತಾವು ಕಟ್ಟಿಸಿದ ಮನೆಯಲ್ಲಿ ಮೂರು ದಿವಸ ಇದ್ದರು. ಹದಿನೇಳು ವರುಷಗಳ ಮೇಲೆ ಬಂದದ್ದು ಅದು. ಕೊನೆಯ ಸಾರಿ ಬಂದದ್ದೂ ಅದೇ.

ಒಡೆಯುವುದು ಮುಗಿಯಿತು, ಕಟ್ಟುವುದು ಉಳಿಯಿತು. ಯುವಾನನು ಕೊಟ್ಟ ಮಾತನ್ನು ಮುರಿದು, 1915ರ ಕೊನೆಯಲ್ಲಿ ತಾನೇ ಚಕ್ರವರ್ತಿಯಾಗಹೊರಟನು. ಅದು ಸಾಗದೆ 1916ರಲ್ಲಿ ಸತ್ತನು. ಆಮೇಲೆ ಪ್ರಾಂತಕ್ಕೊಬ್ಬ ಸೇನಾಪತಿಯು ಅರಸನಂತಾಗಿ ಜನರನ್ನು ಸುಲಿದನು. ಎರಡು ಸಾವಿರ ವರುಷಗಳ ಅರಸೊತ್ತಿಗೆಯು ಕೆಲವು ತಿಂಗಳುಗಳಲ್ಲಿ ಬಿತ್ತು. ಅದರ ಸ್ಥಳದಲ್ಲಿ ನ್ಯಾಯವಾದ ಆಳಿಕೆಯನ್ನು ನಿಲ್ಲಿಸುವುದಕ್ಕೆ ಸನ್ ಯಾಟ್ ಸೆನ್ ಅವರ ಮಿಕ್ಕ ಆಯುಸ್ಸೆಲ್ಲಾ ಸಾಲದೆ ಹೋಯಿತು.

ಅವರ ಸ್ವಂತ ಜೀವಿತದಲ್ಲಿಯೂ ಒಂದು ಒಡಕುಂಟಾಯಿತು. ಚರಿತ್ರೆಯನ್ನು ಬರೆಯುವವರು ಅದನ್ನು ಮುಚ್ಚಬಾರದು. ಅವರ ಹೆಂಡತಿಯಾದ ಲು ಮುಚೆನ್ ಎಂಬಾಕೆಯು ಅತ್ತೆಯನ್ನು ನೋಡಿಕೊಳ್ಳುತ್ತಾ, ಮೂವರು ಮಕ್ಕಳನ್ನು ಸಾಕುತ್ತಾ, ಗಂಡನಿಲ್ಲದ ಮನೆಯನ್ನು ವರುಷಾನುವರುಷ ನಡಿಸಿದವಳು. 1915ರಲ್ಲಿ ಅವರು ಆಕೆಯನ್ನು ಬಿಟ್ಟು, ತಮಗಿಂತ ಬಹಳ ಚಿಕ್ಕವಳಾದ ಸುಂಗ್ ಚಿಂಗ್‌ಲಿಂಗ್ ಎಂಬಾಕೆಯನ್ನು ಜಪಾನಿನಲ್ಲಿ ಮದುವೆಯಾದರು. ಆಕೆಯ ತಂದೆಯು ಅವರ ಹಳೆಯ ಸ್ನೇಹಿತನೂ ಹಿಂದೆ ಮೆಥಡಿಸ್ಟ್ ಸಭೆಯ ಬೋಧಕನೂ ಆಗಿದ್ದವನು. ಅವನು ಈ ಮದುವೆಯನ್ನು ಬಹಳವಾಗಿ ವಿರೋಧಿಸಿದನು. ಅನೇಕ ಕ್ರೈಸ್ತರೂ ಇದನ್ನು ಮೆಚ್ಚಲಿಲ್ಲ. ಲು ಮುಚೆನಳು ಯಾರನ್ನೂ ದೂಷಿಸದೆ ಮಕಾವಿನಲ್ಲಿ ನೆಲೆಸಿ, ತಾನೂ ಕ್ರೈಸ್ತಳಾಗಿ, 1952ರಲ್ಲಿ ತೀರಿಕೊಂಡಳು. ಆಕೆ ವಾಸಿಸಿದ ಮನೆಯು ಕೂಡ ಈಗ ಸ್ಮಾರಕವಾಗಿದೆ.

1918ರಲ್ಲಿ ಸನ್ ಯಾಟ್ ಸೆನ್ ಅವರು ಶಾಂಗೈ ಪಟ್ಟಣದಲ್ಲಿ ಫ್ರೆಂಚರ ಆಳಿಕೆಗೊಳಪಟ್ಟ ಭಾಗದಲ್ಲಿ ನೆಲೆಸಿದರು. ಅವರಿಗೆ ಸ್ವಂತ ಮನೆಯಿಲ್ಲವೆಂದು ಕಂಡು, ಕೆನಡಾ ದೇಶದಲ್ಲಿ ದುಡಿಯುತ್ತಿದ್ದ ಚೀನೀಯರು ಹಣವನ್ನು ಕೂಡಿಸಿ, ತೋಟವುಳ್ಳ ಎರಡು ಅಂತಸ್ತಿನ ಮನೆಯೊಂದನ್ನು ಕೊಂಡು ಅವರಿಗೆ ಕೊಟ್ಟರು. ಅಲ್ಲಿ ಅವರು ಪುಸ್ತಕಗಳ ನಡುವೆ ಕುಳಿತು, ದೇಶದ ರೈಲುದಾರಿಗಳು ಎಲ್ಲೆಲ್ಲಿ ಹೋಗಬೇಕು, ರೇವುಗಳು ಎಲ್ಲಿರಬೇಕು, ನದಿಗಳನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ನಕ್ಷೆಗಳೊಡನೆ ಬರೆದರು. 1922ರಲ್ಲಿ ಕ್ಯಾಂಟನಿನಲ್ಲಿ ತಮ್ಮ ಪಕ್ಷದ ಸೇನಾಪತಿಯೇ ತಿರುಗಿಬಿದ್ದು ಮನೆಯ ಮೇಲೆ ಗುಂಡು ಹಾರಿಸಿದಾಗ, ಅವರು ಪ್ರಾಣವನ್ನು ಉಳಿಸಿಕೊಂಡು ಈ ಶಾಂಗೈ ಮನೆಗೆ ಬಂದರು. ಬಹುಕಾಲ ಬರೆದಿಟ್ಟಿದ್ದ ಕಾಗದಗಳು ಅಲ್ಲಿ ಸುಟ್ಟುಹೋದವು. ಅವರು ಪುನಃ ಬರೆಯಲಾರಂಭಿಸಿದರು.

1924ರ ಕೊನೆಯಲ್ಲಿ, ಬಡಗಣ ಸೇನಾಪತಿಗಳೊಡನೆ ಸಂಧಿಯನ್ನು ಮಾತಾಡಿ ದೇಶವನ್ನು ಒಂದುಮಾಡಬೇಕೆಂದು, ದೇಹದಲ್ಲಿ ರೋಗವಿರುವಾಗಲೇ ಪೇಕಿಂಗಿಗೆ ಹೋದರು. ಅಲ್ಲಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಮಾಡಿದಾಗ ಅದು ಗುಣವಾಗದ ಹುಣ್ಣೆಂದು ವೈದ್ಯರಿಗೆ ತಿಳಿಯಿತು. 1925ನೆಯ ಮಾರ್ಚ್ 12ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಪರರ ಮನೆಯೊಂದರಲ್ಲಿ ಅವರು ಪ್ರಾಣಬಿಟ್ಟರು. ಹಿಂದಿನ ದಿನ ಅವರು ರುಜುಮಾಡಿದ ಮರಣಶಾಸನದಲ್ಲಿ, ದೇಶದ ಕಾರ್ಯದಲ್ಲಿಯೇ ಇದ್ದುದರಿಂದ ಆಸ್ತಿಯನ್ನು ಕೂಡಿಸಲಿಲ್ಲವೆಂದೂ, ತಮ್ಮ ಪುಸ್ತಕಗಳೂ ಬಟ್ಟೆಬರೆಗಳೂ ಮನೆಯೂ ನೆನಪಿಗಾಗಿ ಹೆಂಡತಿಗೆ ಸಲ್ಲಬೇಕೆಂದೂ, ಮಕ್ಕಳು ಬೆಳೆದವರಾದದರಿಂದ ತಮ್ಮ ಕಾಲಮೇಲೆ ತಾವೇ ನಿಲ್ಲಬೇಕೆಂದೂ ತಿಳಿಸಿದ್ದರು. ಒಂದು ಮಹಾರಾಜ್ಯದ ಅಧ್ಯಕ್ಷನಾಗಿದ್ದವನ ಆಸ್ತಿಯು ಇಷ್ಟೇ. ಅನುಯಾಯಿಗಳಲ್ಲಿ ಕೆಲವರು ಬೇಡವೆಂದರೂ ಕುಟುಂಬದವರು ಮಾರ್ಚ್ 19ರಂದು ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಕ್ರೈಸ್ತರ ಕ್ರಮದಂತೆ ಆರಾಧನೆಯನ್ನು ನಡಿಸಿದರು. 1929ನೆಯ ಜೂನ್ 1ರಂದು ನಾನ್‌ಕಿಂಗಿನ ಬೆಟ್ಟದ ಮೇಲೆ, 392 ಮೆಟ್ಟಲುಗಳ ದೊಡ್ಡ ಸಮಾಧಿಮಂದಿರದಲ್ಲಿ ಅವರ ದೇಹವನ್ನು ಇಟ್ಟರು.

ಶಾಂಗೈ ಮನೆಯಲ್ಲಿ ಸುಂಗ್ ಚಿಂಗ್‌ಲಿಂಗ್ ಅವರು 1937ರ ಯುದ್ಧದ ವರೆಗೆ ಇದ್ದು, ಯುದ್ಧವು ಮುಗಿದ ಬಳಿಕ ಅದನ್ನು ಸ್ಮಾರಕಕ್ಕಾಗಿ ಬಿಟ್ಟುಕೊಟ್ಟರು. ಗಂಡನು ಬದುಕಿದ್ದಾಗ ಮೇಜು ಎಲ್ಲಿತ್ತು, ಪುಸ್ತಕಗಳು ಎಲ್ಲಿದ್ದವು ಎಂಬುದನ್ನು ಆಕೆಯ ನೆನಪಿನಿಂದಲೇ ತಿಳಿದು ಹಾಗೆಯೇ ಇರಿಸಿದ್ದಾರೆ. 1988ರಿಂದ ಜನಸಾಮಾನ್ಯರೂ ಅದನ್ನು ನೋಡಬಹುದಾಗಿದೆ. ಮುಂದೆ ಚೀನೀಯರು ಎರಡು ಪಕ್ಷವಾಗಿ ಹೊಡೆದಾಡಿ, 1949ರಿಂದ ಮಹಾಭೂಮಿಯಲ್ಲಿ ಒಂದು ಸರಕಾರವೂ ತೈವಾನ್ ದ್ವೀಪದಲ್ಲಿ ಒಂದು ಸರಕಾರವೂ ಆದವು. ಒಂದನ್ನೊಂದು ಒಪ್ಪದ ಆ ಎರಡು ಕಡೆಯವರೂ ಈ ಒಬ್ಬ ಮನುಷ್ಯನನ್ನು ಗೌರವಿಸುತ್ತಾರೆ.

ಇಂಥ ಮನೆಗಳಿಗೆ ಹೋಗುವವರು ಬೆಳ್ಳಿಬಂಗಾರವನ್ನು ಹುಡುಕಿದರೆ ನಿರಾಶರಾದಾರು. ಶಾಂಗೈಯಲ್ಲಿರುವುದು ಪುಸ್ತಕಗಳೂ ನಕ್ಷೆಗಳೂ. ಚುಯಿಹೆಂಗಿನಲ್ಲಿರುವುದು ಹಳ್ಳಿಯ ಸಂಸಾರವೊಂದರ ಮಂಚ, ಮೇಜು, ಬಾವಿ. ಆದರೆ ಅಲ್ಲಿ ಅಂಗಳದ ಹುಣಸೆಯ ಮರವನ್ನು ತಪ್ಪದೆ ನೋಡಬೇಕು. ಒಮ್ಮೆ ಬಿರುಗಾಳಿಯು ಆ ಮರವನ್ನು ಉರುಳಿಸಿತು. ಬಿದ್ದ ಮರವು ಒಣಗಲಿಲ್ಲ. ನೆಲದ ಮೇಲೆ ಒರಗಿಕೊಂಡೇ ಬೇರೂರಿ, ಮೇಲಕ್ಕೆ ಹೊಸ ಕೊಂಬೆಗಳನ್ನು ಬಿಟ್ಟು, ಹಸುರಾಗಿ ನಿಂತಿತು. ಹದಿನೇಳು ವಯಸ್ಸಿನ ಹುಡುಗನು ಮುರಿದ ವಿಗ್ರಹದ ಗದ್ದಲವು ಊರಲ್ಲಿ ಎಂದೋ ಅಡಗಿತು. ಅದೇ ವರುಷ ಅವನು ಸದ್ದಿಲ್ಲದೆ ನೆಟ್ಟ ಬೀಜವು ಬರುವವರಿಗೆ ಇಂದಿಗೂ ನೆಳಲನ್ನು ಕೊಡುತ್ತಾ ಇದೆ.